ಕಡಿಮೆ ಓಡಿದ ಪೋರ್ಷೆಯ ಮೋಹ

ಪೋರ್ಷೆ 911 ಬೇಕು, ಆದರೆ ಅದಕ್ಕಾಗಿ ಮನೆ ಮಾರಲಾರೆ ಅನ್ನುವವರ ಕಣ್ಣು ಬಹಳ ವರ್ಷಗಳಿಂದ ನೆಟ್ಟಿರುವುದು 996ರ ಮೇಲೆ. 1997ರಲ್ಲಿ ಹೊರಬಂದ ಈ ಮಾದರಿ, ಎಂಜಿನ್ನನ್ನು ಗಾಳಿಯ ಬದಲು ನೀರಿನಿಂದ ತಂಪಾಗಿಸಿದ ಮೊದಲ 911. ಹಳೆಯ ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ. ಖರ್ಚು ಉಳಿಸಲೆಂದು ಕಂಪನಿ ತನ್ನ ಅಗ್ಗದ ಬಾಕ್ಸ್‌ಸ್ಟರ್‌ನ ಮೂತಿಯನ್ನೂ ಹೆಡ್‌ಲೈಟನ್ನೂ ಇದಕ್ಕೇ ತೊಡಿಸಿದ್ದು ಇನ್ನೂ ಹಿಡಿಸಲಿಲ್ಲ. ಇದರ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ಒಡೆಯುತ್ತದೆ ಎಂಬ ಅಪಖ್ಯಾತಿ ಬೇರೆ. ಹೀಗಾಗಿ ಅಮೆರಿಕ, ಬ್ರಿಟನ್ನಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದು ತನ್ನ ಒಡಹುಟ್ಟಿದವುಗಳಿಗಿಂತ ಅಗ್ಗವಾಗಿಯೇ ಉಳಿಯಿತು. ಭಾರತಕ್ಕೆ ತರುವ ಮಾತು ಬಿಡಿ, ತಯಾರಾಗಿ ಮೂರು ವರ್ಷ ದಾಟಿದ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಬಿಡುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ನೆಲೆಸಿದ ಕನ್ನಡಿಗರಿಗೆ ಇದು ಸಂಬಳಕ್ಕೆ ಎಟುಕುವ 911. ಕೊಳ್ಳಲು ಹೊರಟವರು ಜಾಹೀರಾತಿನಲ್ಲಿ ಮೊದಲು ಹುಡುಕುವುದು ಕಡಿಮೆ ಮೈಲಿ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ಈ ಕಾರಿನ ಮಟ್ಟಿಗೆ, ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿದ್ದಕ್ಕಿಂತ, ವರ್ಷ ತಪ್ಪದೆ ಓಡಿ, ಓಡಿದ್ದಕ್ಕೆ ತಕ್ಕ ಸರ್ವಿಸ್ ಕಂಡ ಕಾರೇ ಲಾಭದ್ದು.

ಕಾರಣ ಎಂಜಿನ್ನಿನ ಒಳಗಿದೆ. ಕ್ರ್ಯಾಂಕ್‌ಶಾಫ್ಟ್ ತಿರುಗುವ ಬಲವನ್ನು ಚೈನಿನಿಂದ ಪಡೆದು ಕ್ಯಾಮ್‌ಶಾಫ್ಟ್‌ಗಳಿಗೆ ದಾಟಿಸುವ ಒಂದು ನಡುವಿನ ಶಾಫ್ಟ್ ಇದೆ; ಐಎಂಎಸ್ ಅನ್ನುವುದು ಅದನ್ನೇ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಅದನ್ನು ಹೊತ್ತಿರುವುದು ಒಂದು ಸಣ್ಣ ಬಾಲ್ ಬೇರಿಂಗ್, ಗ್ರೀಸ್ ತುಂಬಿ ಸೀಲ್ ಮಾಡಿದ್ದು. ಕಾಲ ಕಳೆದಂತೆ ಸೀಲು ಸಡಿಲವಾಗಿ ಎಂಜಿನ್ ಆಯಿಲ್ ಒಳಗೆ ನುಸುಳುತ್ತದೆ, ಗ್ರೀಸನ್ನು ತೊಳೆದುಹಾಕುತ್ತದೆ. ಆಮೇಲೆ ಬೇರಿಂಗಿಗೆ ಆ ನುಸುಳಿದ ಆಯಿಲೇ ಗತಿ. ಅದು ಹಳತಾಗಿ, ತೇವ ಸೇರಿ ಹುಳಿಯಾದರೆ ಗುಂಡುಗಳ ಮೈ ತಿನ್ನಲು ಶುರುವಾಗುತ್ತದೆ. ಬೇರಿಂಗ್ ಕುಸಿದ ದಿನ ಚೈನಿನ ಹೊಂದಾಣಿಕೆ ತಪ್ಪಿ, ವಾಲ್ವು ಪಿಸ್ಟನ್ನಿಗೆ ಬಡಿದು, ಇಡೀ ಎಂಜಿನ್ ಗುಜರಿಗೆ. ಮೊದಲಿನ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು; 2000ದ ಆಸುಪಾಸಿನಿಂದ 2005ರವರೆಗಿನವುಗಳಲ್ಲಿ ಒಂದೇ ಸಾಲು. ಅಮೆರಿಕದ ಮಾಲೀಕರು ಹೂಡಿದ್ದ ಸಾಮೂಹಿಕ ಮೊಕದ್ದಮೆಯೊಂದು 2013ರಲ್ಲಿ ರಾಜಿಗೆ ಬಂತು. ಆ ಮೊಕದ್ದಮೆಯಿಂದ ಬೆಳಕಿಗೆ ಬಂದ ಲೆಕ್ಕದಂತೆ ಎರಡು ಸಾಲಿನವುಗಳಲ್ಲಿ ಕೆಟ್ಟಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ, ಒಂದೇ ಸಾಲಿನವುಗಳಲ್ಲಿ ನೂರಕ್ಕೆ ಸುಮಾರು 8. ಅಂದರೆ ಹೆಸರು ಕೆಟ್ಟ ಕಾರುಗಳಲ್ಲೂ ನೂರಕ್ಕೆ 92 ಗಟ್ಟಿಯಾಗಿಯೇ ಇದ್ದವು, ಅವುಗಳಲ್ಲೊಂದನ್ನು ಹೆಕ್ಕಿ ತೆಗೆಯುವುದೇ ಕೊಳ್ಳುವವರ ಕೆಲಸ.

ಹೆಕ್ಕುವುದು ಹೇಗೆ ಅನ್ನುವಲ್ಲಿ ಮೈಲಿಯ ಪ್ರಶ್ನೆ ಬರುತ್ತದೆ. ಕಂಪನಿ ಅಮೆರಿಕದಲ್ಲಿ ಹೇಳಿದ್ದ ಆಯಿಲ್ ಬದಲಾವಣೆಯ ಅಂತರ 15,000 ಮೈಲಿ. ವರ್ಷಕ್ಕೆ 2,000 ಮೈಲಿ ಓಡಿಸುವ ಮಾಲೀಕ ಮೀಟರನ್ನಷ್ಟೇ ನೋಡಿಕೊಂಡು ಕೂತರೆ ಅದೇ ಆಯಿಲ್ ಏಳು ವರ್ಷ ಒಳಗಿರುತ್ತದೆ. ಭಾನುವಾರ ಹತ್ತು ನಿಮಿಷ ಸುತ್ತಾಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಬಿಸಿಯೇರುವುದಿಲ್ಲ, ಒಳಗೆ ಕೂಡಿದ ತೇವ ಆವಿಯಾಗಿ ಹೋಗುವುದೂ ಇಲ್ಲ. ಈ ಎಂಜಿನ್‌ಗಳನ್ನೇ ಬಿಚ್ಚಿ ಕಟ್ಟುವ ತಜ್ಞರು ಆಯಿಲನ್ನು ಬೇಗ ಬೇಗ ಬದಲಿಸಿ, ಕಾರನ್ನು ಆಗಾಗ ದೂರ ಓಡಿಸಿ ಎಂದು ಒತ್ತಿ ಹೇಳುವುದು ಇದಕ್ಕೇ. ಆದ್ದರಿಂದ ಮೊದಲು ಕೇಳಬೇಕಾದ್ದು ಮೈಲಿಯನ್ನಲ್ಲ, ಆಯಿಲ್ ಬದಲಿಸಿದ ರಸೀದಿಗಳನ್ನು. ಅವುಗಳಲ್ಲಿ ತಾರೀಖು ಓದಿ. ಬ್ರಿಟನ್ನಿನಲ್ಲಾದರೆ ಮೂರು ವರ್ಷ ದಾಟಿದ ಕಾರು ವರ್ಷಕ್ಕೊಮ್ಮೆ ಎಂಒಟಿ ತಪಾಸಣೆಗೆ ಹೋಗಲೇಬೇಕು. ಆಗ ಬರೆದುಕೊಂಡ ಮೀಟರಿನ ಅಂಕಿ, ತಪಾಸಣೆ ಮಾಡಿದವರು ಕಂಡ ಕುಂದುಕೊರತೆ ಎಲ್ಲವನ್ನೂ ಸರ್ಕಾರಿ ಜಾಲತಾಣದಲ್ಲಿ ಕಾರಿನ ನಂಬರ್ ಕೊಟ್ಟು ಯಾರು ಬೇಕಾದರೂ ನೋಡಬಹುದು. ಎಂಜಿನ್ ಎಷ್ಟು ಗಂಟೆ ನಡೆದಿದೆ ಎಂಬ ಲೆಕ್ಕ ಅದರ ಕಂಪ್ಯೂಟರಿನಲ್ಲೇ ಇರುತ್ತದೆ. 60,000 ಮೈಲಿಗೆ 2,000 ಗಂಟೆ ಇದ್ದರೆ ಸರಾಸರಿ ವೇಗ ಗಂಟೆಗೆ 30 ಮೈಲಿ, ಸಹಜ. ಅದೇ 2,000 ಗಂಟೆಗೆ ಮೀಟರು 30,000 ಮೈಲಿ ತೋರಿಸಿದರೆ, ಒಂದೋ ಅದು ಬದುಕೆಲ್ಲ ಟ್ರಾಫಿಕ್ಕಿನಲ್ಲಿ ಕಳೆದ ಕಾರು, ಇಲ್ಲವೇ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. ಐದನೇ ಗೇರಿನಿಂದ ನಾಲ್ಕಕ್ಕೆ ಹೋಗುವ ಬದಲು ಎರಡಕ್ಕೆ ಹಾಕಿ ಎಂಜಿನ್ನನ್ನು ಮಿತಿ ಮೀರಿ ಅರಚಿಸಿದ್ದರೆ ಅದೂ ಅಲ್ಲೇ ದಾಖಲಾಗಿರುತ್ತದೆ.

ಕಾಗದ ಮುಗಿದ ಮೇಲೆ ಕಾರನ್ನು ಲಿಫ್ಟಿಗೆ ಏರಿಸಿ ಆಯಿಲ್ ಫಿಲ್ಟರ್ ಬಿಚ್ಚಿಸಬೇಕು. ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಜ ಹೇಳುವ ಪರೀಕ್ಷೆ ನನಗೆ ಕಾಣದು. ಕಪ್ಪಾಗಿ ನೆನೆದ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಓರೆಯಾಗಿ ಹಿಡಿದರೆ, ಚೂರುಗಳಿದ್ದಲ್ಲಿ ಮಿನುಗುತ್ತವೆ. ಅಯಸ್ಕಾಂತ ಹತ್ತಿರ ತಂದಾಗ ಅವು ಎದ್ದು ಅಂಟಿಕೊಂಡರೆ ಉಕ್ಕು, ಬೇರಿಂಗಿನದೇ ಇರಬಹುದು. ಬೆಲೆ ಎಷ್ಟೇ ಇಳಿಸಿದರೂ ವ್ಯಾಪಾರ ಅಲ್ಲಿಗೇ ಬಿಡಬೇಕು. ಕಂದು, ಕಪ್ಪು ಪ್ಲಾಸ್ಟಿಕ್ ಚೂರುಗಳು ಚೈನ್ ಉಜ್ಜಿಕೊಂಡು ಓಡುವ ಪಟ್ಟಿಗಳದ್ದು, ಅಷ್ಟು ಗಾಬರಿ ಬೇಡ. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಿ: 3214 ಎಂದಿದ್ದರೆ 2014ರ 32ನೇ ವಾರದಲ್ಲಿ ತಯಾರಾದದ್ದು. ಪಟ್ಟೆ ಪೂರ್ತಿ ಇದೆಯೆಂದು ಹತ್ತು ವರ್ಷದ ಟಯರನ್ನೇ ಉಳಿಸಿಕೊಂಡ ಮಾಲೀಕ ಆಯಿಲನ್ನು ಕಾಲಕಾಲಕ್ಕೆ ಬದಲಿಸಿರುತ್ತಾನೆಂದು ನಂಬುವುದು ಕಷ್ಟ.

ಹೆಚ್ಚು ಓಡಿದ ಎಂಜಿನ್ ಹೆಚ್ಚು ಸವೆದಿರುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 996ರ 3.4 ಮತ್ತು 3.6 ಲೀಟರ್ ಎಂಜಿನ್‌ಗಳಲ್ಲಿ ಸಿಲಿಂಡರಿನ ಒಳಗೋಡೆಗೆ ಗೀರು ಬೀಳುವ ರೋಗವೂ ಇದೆ, ಮೈಲಿ ಏರಿದಂತೆ ಅದರ ಭಯವೂ ಏರುತ್ತದೆ. ಆದರೆ ಗೀರು ಬಿದ್ದ ಕಾರು ತನ್ನ ರೋಗವನ್ನು ತಾನೇ ಹೇಳುತ್ತದೆ: ಆಯಿಲ್ ಕುಡಿಯುತ್ತದೆ, ಒಂದು ಕಡೆಯ ಸೈಲೆನ್ಸರ್ ಪೈಪಿನಲ್ಲಿ ಮಾತ್ರ ಮಸಿ ಕಟ್ಟುತ್ತದೆ, ನಿಂತಲ್ಲೇ ಟಕಟಕ ಸದ್ದು ಮಾಡುತ್ತದೆ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದಲೋ ಅಡಿಯ ಆಯಿಲ್ ಪ್ಯಾನ್ ತೆಗೆದೋ ಬೋರ್‌ಸ್ಕೋಪ್ ತೂರಿಸಿದರೆ ಕಣ್ಣಾರೆ ನೋಡಲೂಬಹುದು. ಬೇರಿಂಗ್ ಅಷ್ಟು ಮುನ್ಸೂಚನೆ ಕೊಡುವುದಿಲ್ಲ. ಕಂಡ ಅಪಾಯಕ್ಕೆ ಬೆಲೆ ಕಟ್ಟಬಹುದು, ಕಾಣದ್ದಕ್ಕೆ ಕಟ್ಟಲಾಗದು.

ಕಡಿಮೆ ಓಡಿದ್ದನ್ನೇ ಕೊಂಡು ಹೊಸ ಬೇರಿಂಗ್ ಹಾಕಿಸಿದರೆ ಆಯಿತಲ್ಲ ಅನ್ನುವವರೂ ಇದ್ದಾರೆ. ಆಗಬಹುದು, ಆ ಖರ್ಚನ್ನು ಮಾರುವವರು ಬೆಲೆಯಲ್ಲಿ ಮುರಿದುಕೊಂಡರೆ. ಬೇರಿಂಗ್ ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಕ್ಲಚ್ಚನ್ನೂ ಹಿಂಬದಿಯ ಆಯಿಲ್ ಸೀಲನ್ನೂ ಬದಲಿಸದೆ ಮುಚ್ಚುವುದು ಅವಿವೇಕ. ಜೊತೆಗೆ ಇಪ್ಪತ್ತು ವರ್ಷ ದಾಟಿದ ಕೂಲಂಟ್ ಟ್ಯಾಂಕು, ಸಸ್ಪೆನ್ಷನ್ನಿನ ರಬ್ಬರ್ ಬುಶ್ಶುಗಳು ಓಡದಿದ್ದರೂ ಹಳತಾಗಿರುತ್ತವೆ. ಇವೆಲ್ಲ ಸೇರಿದಾಗ ಜಾಹೀರಾತಿನ ಅಗ್ಗದ ಬೆಲೆ ಅಗ್ಗವಾಗಿ ಉಳಿಯುವುದಿಲ್ಲ. ಟರ್ಬೊ, ಜಿಟಿ3 ಮಾದರಿಗಳ ಮಾತು ಬೇರೆ. ಅವುಗಳಲ್ಲಿರುವುದು ಪೋರ್ಷೆಯ ಎಂಜಿನ್ ವಿನ್ಯಾಸಕ ಹಾನ್ಸ್ ಮೆಟ್ಸ್‌ಗರ್ ಹೆಸರಿನಿಂದ ಗುರುತಿಸುವ, 1998ರಲ್ಲಿ ಲ ಮಾನ್ ರೇಸ್ ಗೆದ್ದ ಜಿಟಿ1ರ ವಂಶದ ಎಂಜಿನ್. ಅದರಲ್ಲಿ ಈ ಬೇರಿಂಗ್ ಇಲ್ಲ, ಹಾಗಾಗಿ ಅಲ್ಲಿ ನನ್ನ ವಾದ ಇಷ್ಟು ಬಿಗಿಯಾಗಿ ನಿಲ್ಲುವುದಿಲ್ಲ. ಉಳಿದ 996ಗಳಲ್ಲಿ, 90,000 ಮೈಲಿ ಓಡಿ, ವರ್ಷವರ್ಷದ ರಸೀದಿಗಳ ಕಟ್ಟು ಜೊತೆಗಿದ್ದು, ಬೇರಿಂಗ್ ಮತ್ತು ಕ್ಲಚ್ ಒಟ್ಟಿಗೇ ಬದಲಾದ ಬಿಲ್ ಅದರೊಳಗಿದ್ದು, ಫಿಲ್ಟರ್ ಬಿಚ್ಚಿ ನೋಡಲು ಮಾಲೀಕ ಎರಡನೇ ಮಾತಿಲ್ಲದೆ ಒಪ್ಪಿದರೆ, ಮೈಲಿ ಜಾಸ್ತಿಯೆಂದು ಆತ ಮೊದಲೇ ಇಳಿಸಿದ ಬೆಲೆಯ ಮೇಲೆ ಮತ್ತೆ ಚೌಕಾಸಿಗೆ ಕೂರದೆ ಅವತ್ತೇ ಮುಂಗಡ ಕೊಡಬೇಕು.