ವಿಮಾನದೊಳಗಣ ಮೊರೆತ: ಒಂದು ಪರಿಭಾಷಾವಿಚಾರ

‘ಶಬ್ದಮಾಲಿನ್ಯ’ವೆಂಬ ಮಾತು ರೂಢಿಗೆ ಬಂದಂದಿನಿಂದ ‘ನಾಯ್ಸ್’ ಎಂಬುದಕ್ಕೆ ‘ಶಬ್ದ’ವೇ ಪ್ರತಿಪದವಾಗಿ ನಿಂತಿದೆ. ವಿಮಾನದೊಳಗಣ ಸದ್ದನ್ನು ವಿಮಾನ ಕಟ್ಟುವ ಮೊದಲೇ ಗಣಿಸುವ ಶಾಸ್ತ್ರಕ್ಕೆ ಇದು ಒಗ್ಗದು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ಶಬ್ದವೆಂದರೆ ಪದ, ಲೋಕರೂಢಿಯಲ್ಲಿ ಕಿವಿಗೆ ಬೀಳುವುದೆಲ್ಲವೂ ಶಬ್ದ. ನೆರೆಯವನ ಮಾತೂ ಶಬ್ದ, ಅದನ್ನು ಮುಚ್ಚಿಹಾಕುವ ಮೊರೆತವೂ ಶಬ್ದವೆಂದರೆ ಗಣಿತವು ಅಳೆಯುವುದು ಯಾವುದನ್ನು? ಆ ಮೊರೆತವಾದರೋ ಏಕರೂಪದ್ದಲ್ಲ. ಪ್ರೊಪೆಲ್ಲರಿನದು ನಿಯತ ಶ್ರುತಿಯುಳ್ಳ ಗುಂಯ್‌ಗುಡಿತ. ಅದನ್ನು ಮುಂಗಾಣಲು ಒಡಲಿನ ಕಂಪನಕ್ರಮಗಳನ್ನು ಒಂದೊಂದಾಗಿ ಎಣಿಸಬೇಕು. ಹೊರಮೈಯನ್ನು ಉಜ್ಜಿ ಹರಿಯುವ ಗಾಳಿಯ ಕ್ಷೋಭೆಯಿಂದ ಹುಟ್ಟುವುದು ಶ್ರುತಿಯಿಲ್ಲದ ಭೋರ್ಗರೆತ. ಅದರ ಮೇಲ್‌ಸ್ತರದ ಕಂಪನಗಳಿಗೆ ಸರಾಸರಿಗಳೇ ಗತಿ.

‘ಗದ್ದಲ’ವೆಂದರಾಗದೇ ಎನ್ನಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಆ ಮಾತೂ ಸೋಲುತ್ತದೆ. ಅಲ್ಲಿ 1965ರಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಸಾಲು ದೂರದೇಶದ ಕಂಪನವನ್ನು ನೆಲದ ನಿತ್ಯದ ಅದುರಿನಿಂದ ಬೇರ್ಪಡಿಸುತ್ತದೆ. ಆ ಅದುರಿಗೂ ಇಂಗ್ಲಿಷಿನಲ್ಲಿ ‘ನಾಯ್ಸ್’ ಎಂದೇ ಹೆಸರು. ಕಿವಿಗೆ ಮಾತ್ರ ಅದು ಕೇಳಿಸುವುದೇ ಇಲ್ಲ! ಆದಕಾರಣ ಒಂದು ಪದಕ್ಕೆ ಒಂದೇ ಪ್ರತಿಪದವೆಂಬ ಹಟವನ್ನು ಬಿಟ್ಟು, ವಿಮಾನಕ್ಕೆ ‘ಮೊರೆತ’ವೆಂದೂ ಮಾಪಕಗಳಿಗೆ ‘ಕದಡು’ ಎಂದೂ ಇಡುವುದು ಲೇಸು. ‘ಶಬ್ದ’ವು ವೈಯಾಕರಣರಿಗೆ ಉಳಿಯಲಿ.