ಪೈ ಇಲ್ಲದ ದುಂಡು

ಘನಫಲದ ಸೂತ್ರವನ್ನಷ್ಟೇ ಮುಂದಿಟ್ಟು "ಯಾವ ಆಕೃತಿ, ಹೇಳಿ ನೋಡೋಣ" ಎಂದು ಕೇಳುವುದು ಗಣಿತದ ಹುಚ್ಚಿನವರ ಆಟ. ಸುಲಭದವನ್ನು ಯಾರು ಬೇಕಾದರೂ ಹೇಳಿಬಿಡುತ್ತಾರೆ. ಸ್ವಲ್ಪ ಮಜಾ ಬೇಕಿದ್ದರೆ ಹೈಸ್ಕೂಲು ಮಕ್ಕಳು ಉರುಹೊಡೆಯುತ್ತಿದ್ದ ಶಂಕುವಿನ ಭಿನ್ನಕವನ್ನೇ, ಅಂದರೆ ಬಕೆಟ್ಟನ್ನೇ, ತೆಗೆದುಕೊಳ್ಳಿ. ಎರಡು ತ್ರಿಜ್ಯಗಳ ವರ್ಗಗಳಿಗೆ ಅವೆರಡರ ಗುಣಲಬ್ಧ ಕೂಡಿಸಿ, ಪೈ ಮತ್ತು ಎತ್ತರದಿಂದ ಗುಣಿಸಿ, ಮೂರರಿಂದ ಭಾಗಿಸಬೇಕು. ಒಂದು ತ್ರಿಜ್ಯ ಸೊನ್ನೆಯಾದರೆ ಶಂಕು. ಎರಡೂ ಸಮವಾದರೆ ಮೂರಕ್ಕೆ ಮೂರು ವಜಾ ಆಗಿ ಸಿಲಿಂಡರ್. ಇಷ್ಟು ತಿಳಿದ ಹುಡುಗನಿಗೆ ಮೂರು ಸೂತ್ರ ಬಾಯಿಪಾಠ ಮಾಡಿಸುವುದು ಶುದ್ಧ ದಂಡ.

ನನ್ನ ಮೆಚ್ಚಿನದು ಬೇರೆ: ತ್ರಿಜ್ಯದ ಘನದ 16/3ರಷ್ಟು. ಪೈ ಇಲ್ಲವಲ್ಲ, ಹಾಗಾದರೆ ಮೂಲೆಮೂಲೆಯ ಯಾವುದೋ ಆಕೃತಿ ಎಂದು ಹೊರಟರೆ ಕೆಟ್ಟಿರಿ. ತ್ರಿಜ್ಯ ಎಂಬುದು ಸುಮ್ಮನೆ ಬಂದು ಕೂತಿಲ್ಲ. ಒಂದೇ ದಪ್ಪದ ಎರಡು ಸಿಲಿಂಡರುಗಳ ಅಕ್ಷಗಳು ಲಂಬವಾಗಿ ಕೂಡುವಂತೆ ಒಂದನ್ನೊಂದು ಹಾಯ್ದಾಗ, ಎರಡಕ್ಕೂ ಸೇರಿದ ನಡುಭಾಗ ಇದು. ಮೈಯೆಲ್ಲ ಬಾಗು, ಘನಫಲದಲ್ಲಿ ಮಾತ್ರ ಪೈ ಸುಳಿವಿಲ್ಲ!

ಪೈ ಹೋದದ್ದೆಲ್ಲಿಗೆ? ಎರಡೂ ಅಕ್ಷಗಳಿಗೆ ಸಮಾಂತರವಾಗಿ ಈ ಆಕೃತಿಯನ್ನು ಕೊಯ್ದರೆ ಪ್ರತಿ ಹೋಳೂ ಚೌಕ. ಅದೇ ತ್ರಿಜ್ಯದ ಗೋಳವನ್ನು ಒಳಗಿಟ್ಟು ಕೊಯ್ದರೆ ಆ ಚೌಕದೊಳಗೆ ನಾಲ್ಕೂ ಬದಿಗೆ ತಾಗುವ ವೃತ್ತ. ವೃತ್ತ ಯಾವಾಗಲೂ ತನ್ನ ಚೌಕದ ಪೈ/4 ಭಾಗ. ಹಾಗಾಗಿ ಗೋಳವೂ ಈ ಆಕೃತಿಯ ಪೈ/4 ಭಾಗ. ಗೋಳದ ಸೂತ್ರವನ್ನು ಪೈ/4ರಿಂದ ಭಾಗಿಸಿದರೆ ಪೈಗೆ ಪೈ ಹೊಡೆದು 16/3 ಉಳಿಯುತ್ತದೆ.

ಇದನ್ನು ಆವರಿಸುವ ಘನದಲ್ಲಿ ಇದು ಮೂರರಲ್ಲಿ ಎರಡು ಪಾಲು ಎಂದು ಆರ್ಕಿಮಿಡೀಸ್ ಬರೆದಿದ್ದ. ಆ ಬರಹದ ಪ್ರತಿಯೊಂದರ ಮೇಲೆಯೇ ಯಾರೋ ಪ್ರಾರ್ಥನೆಗಳನ್ನು ಬರೆದುಕೊಂಡಿದ್ದರು. 1906ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೈಬರ್ಗ್ ಎಂಬ ವಿದ್ವಾಂಸ ಅಡಿಯ ಅಕ್ಷರಗಳನ್ನು ಗುರುತಿಸಿದ. ಚೀನಾದ ಲಿಯು ಹುಯಿ 3ನೇ ಶತಮಾನದಲ್ಲಿ ಗೋಳವನ್ನು ಇದೇ ದಾರಿಯಿಂದ ಹಿಡಿಯಲು ಹೊರಟು, ಈ ಆಕೃತಿಯ ಘನಫಲ ಸಿಗದೆ, ಬಲ್ಲವರು ಮುಂದೆ ಬಿಡಿಸಲಿ ಎಂದು ಬಿಟ್ಟ. ಎರಡು ಶತಮಾನ ಕಳೆದ ಮೇಲೆ ಜು ಚೋಂಗ್‌ಜಿ ಮತ್ತು ಅವನ ಮಗ ಜು ಗೆಂಗ್ ಬಿಡಿಸಿದರು. ಗೊತ್ತಾಗಲಿಲ್ಲ ಎಂದು ಬರೆದಿಟ್ಟ ಲಿಯು ಹುಯಿಯ ಮೇಲೆ ನನಗೆ ಒಂದು ಕೈ ಹೆಚ್ಚೇ ಗೌರವ.

ಈ ಆಟಕ್ಕೆ ಕುಳಿತವರಿಗೆ ಇನ್ನೊಂದು ಪ್ರಶ್ನೆ: ಎತ್ತರದ ಘನವನ್ನು ಪೈನಿಂದ ಗುಣಿಸಿ 6ರಿಂದ ಭಾಗಿಸಿದರೆ ಯಾವ ಆಕೃತಿ? ಅಷ್ಟೇ ವ್ಯಾಸದ ಗೋಳ ಎಂದರೆ ಸರಿ. ಆದರೆ ಯಾವುದೋ ದೊಡ್ಡ ಗೋಳದ ಕೇಂದ್ರ ಹಾಯುವಂತೆ ಉರುಟಾದ ತೂತು ಕೊರೆದು, ಉಳಿದ ಬಳೆಯ ಎತ್ತರ ಅಷ್ಟೇ ಇದ್ದರೂ ಸೂತ್ರ ಇದೇ. ಮೂಲದ ಗೋಳ ಎಷ್ಟು ದೊಡ್ಡದು ಎಂಬುದು ಲೆಕ್ಕಕ್ಕೇ ಇಲ್ಲ. ಬಳೆ ಎಂದವರಿಗೂ ಪೂರ್ತಿ ಅಂಕ ಕೊಡಿ.