ಬನವಾಸಿಯ ಮರಿದುಂಬಿ, ಮೂಡಿಗೆರೆಯ ಓತಿ

ತೀರ್ಥಯಾತ್ರೆಗೆ ಹೊರಟ ಅರ್ಜುನ ಬನವಾಸಿಗೆ ಬಂದಾಗ ಆಡುವ ಮಾತನ್ನು ಶಾಲೆಯಲ್ಲಿ ಬಾಯಿಪಾಠ ಮಾಡದವರು ಕಡಿಮೆ. ಅದರೊಳಗಿನ ಬೇಡಿಕೆ ಎಷ್ಟು ವಿಚಿತ್ರ ಅಂತ ಹೊಳೆಯುವುದು ಮಾತ್ರ ಬಹಳ ತಡವಾಗಿ. ಹುಟ್ಟಿದರೆ ಇಲ್ಲಿ ಕೊಡುಗೈಯವನಾಗಿ, ಸುಖ ಬಲ್ಲವನಾಗಿ, ಹಾಡು-ಗೋಷ್ಠಿಗಳ ರುಚಿ ಹತ್ತಿದವನಾಗಿ ಹುಟ್ಟಬೇಕು. ಅದು ಕೈಗೂಡದಿದ್ದರೆ ಇಲ್ಲಿನ ತೋಟದಲ್ಲಿ ಮರಿದುಂಬಿಯೋ ಕೋಗಿಲೆಯೋ ಆದರೂ ಆಗಲಿ ಎನ್ನುತ್ತಾನೆ ಈ ಕ್ಷತ್ರಿಯ. ಮನುಷ್ಯಜನ್ಮವೇ ದೊಡ್ಡದೆಂದು ಎಲ್ಲರೂ ಹೇಳುವ ನಾಡಿನಲ್ಲಿ ಹುಳುವಾಗುತ್ತೇನೆ ಎಂದು ಅರ್ಜಿ ಹಾಕುವುದು ಸಣ್ಣ ಮಾತಲ್ಲ!

ಪಂಪ ತನ್ನ ಭಾರತಕಾವ್ಯದಲ್ಲಿ ಇದನ್ನು ಬರೆದದ್ದು ಸುಮಾರು 941ರಲ್ಲಿ, ಬನವಾಸಿಯಿಂದ ಬಹುದೂರದ ವೇಮುಲವಾಡದ ಅರಸ ಅರಿಕೇಸರಿಯ ಆಶ್ರಯದಲ್ಲಿ. ಊರು ದೂರವಾದಷ್ಟೂ ಅಲ್ಲಿನ ಮಲ್ಲಿಗೆಯ ವಾಸನೆ ಜಾಸ್ತಿಯಾಗುತ್ತದೆ. ಆದರೂ ಒಂದು ತಕರಾರು: ಅವನ ದುಂಬಿ ಪೂರ್ತಿ ದುಂಬಿಯಲ್ಲ. ಅದು ಇರುವುದು ಕಾಡಿನಲ್ಲಿ ಅಲ್ಲ, ನಂದನದಲ್ಲಿ. ಮನುಷ್ಯನಾಗಿ ಸವಿಯಬೇಕೆಂದದ್ದನ್ನೇ ಅದು ರೆಕ್ಕೆ ಕಟ್ಟಿಕೊಂಡು ಸವಿಯುತ್ತದೆ. ರಸಿಕನೊಬ್ಬ ವೇಷ ಬದಲಿಸಿದ್ದಾನೆ, ಅಷ್ಟೆ. ವೇಷ ಚೆನ್ನಾಗಿದೆ ಎನ್ನುವುದೂ ನಿಜ.

ಎರಡು ಶತಮಾನದ ನಂತರ, ಬನವಾಸಿ ಹನ್ನೆರಡುಸಾವಿರ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವೆಗೆ ಹತ್ತಿರದ ಉಡುತಡಿಯಲ್ಲಿ ಅಕ್ಕಮಹಾದೇವಿ ಹುಟ್ಟಿದಳು. ತನ್ನೊಂದು ವಚನದಲ್ಲಿ ಅವಳಿಗೂ ದುಂಬಿಗಳ ಹಿಂಡು ಬೇಕು, ಮಾವಿನಮರ ಬೇಕು, ಬೆಳದಿಂಗಳು, ಕೋಗಿಲೆ ಬೇಕು. ಸವಿಯುವುದಕ್ಕಲ್ಲ, ಕೇಳುವುದಕ್ಕೆ: ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡರೆ ಕರೆದು ತೋರುವಿರಾ? ಕಳೆದುಹೋದವರನ್ನು ಹುಡುಕುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತೇವಲ್ಲ, ಆ ಆತುರ ಅಲ್ಲಿದೆ. ಪಂಪನ ತೋಟದ ಸಾಮಾನೇ ಇಲ್ಲೂ ಇದೆ, ಮರ್ಯಾದೆ ಬೇರೆ. ದುಂಬಿಗೆ ತನಗಿಂತ ಹೆಚ್ಚು ಗೊತ್ತಿರಬಹುದು ಎಂಬ ನಂಬಿಕೆ ಅವಳದು. ದುಂಬಿ ಉತ್ತರ ಕೊಡುವುದಿಲ್ಲ. ಈ ಮೌನವೇ ನನಗೆ ಪಂಪನ ವೈಭವಕ್ಕಿಂತ ಹೆಚ್ಚು ಇಷ್ಟ.

ನಮ್ಮ ಕಾಲಕ್ಕೆ ಬಂದರೆ, ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ (1980) ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗುತ್ತದೆ. ಜೇನು ಇಲ್ಲಿ ರೂಪಕವಲ್ಲ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ. ಸಾಕಿದವರಿಗೆ ಗೊತ್ತು, ಅದಕ್ಕೆ ಮನಸ್ಸು ಬಾರದಿದ್ದರೆ ಪೆಟ್ಟಿಗೆ ಎಷ್ಟೇ ಚೆನ್ನಾಗಿರಲಿ, ಒಂದು ಬೆಳಗ್ಗೆ ಹೇಳದೆ ಕೇಳದೆ ಎದ್ದುಹೋಗುತ್ತದೆ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗಲಂತೂ ಎಷ್ಟೋ ಮನೆಗಳ ಅಂಗಳದಲ್ಲಿ ಖಾಲಿ ಪೆಟ್ಟಿಗೆ ಉಳಿದವು. ಮರಿದುಂಬಿಯಾಗುವ ಆಸೆಯ ಜೊತೆ ಮರಿದುಂಬಿ ಇರುತ್ತದೋ ಇಲ್ಲವೋ ಎಂಬ ಚಿಂತೆ ನಮ್ಮ ಕಾಲಕ್ಕೆ ಅಂಟಿಕೊಂಡಿತು.

ಕಾದಂಬರಿ ಹುಡುಕಿಕೊಂಡು ಹೋಗುವುದು ಹಾರುವ ಓತಿಯನ್ನು. ವಿಜ್ಞಾನಿ, ಕೃಷಿಕ, ಹಳ್ಳಿಗ ಮಂದಣ್ಣ, ಫೋಟೋ ತೆಗೆಯುವವನು, ನಾಯಿ, ಇಡೀ ದಿಬ್ಬಣ ಕಾಡಿಗೆ ನುಗ್ಗುತ್ತದೆ. ಕೊನೆಗೆ ಸಿಕ್ಕ ಓತಿ ಇವರ ಕೈಗೆ ಬಾರದೆ ಪ್ರಪಾತಕ್ಕೆ ತೇಲಿಕೊಂಡು ಹೋಗುತ್ತದೆ. ಅದಕ್ಕೆ ಇವರ ವಿಜ್ಞಾನವೂ ಬೇಡ, ಬೆರಗೂ ಬೇಡ. ಅಕ್ಕನ ದುಂಬಿ ಉತ್ತರ ಕೊಡಲಿಲ್ಲ, ಇದು ಪ್ರಶ್ನೆ ಕೇಳಲೂ ಬಿಡಲಿಲ್ಲ.

ಅಡಿಕೆ ಮರದ ಕಾಂಡಕ್ಕೆ ಅಂಟಿ ಕೂತ ಈ ಓತಿಯನ್ನು ಒಮ್ಮೆ ನೋಡಬೇಕು. ತೊಗಟೆಯದೇ ಬಣ್ಣ, ಅಲುಗದಿದ್ದರೆ ಇಲ್ಲವೇ ಇಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಥಟ್ಟನೆ ಬಿಚ್ಚಿ ಮಡಚಿದಾಗಲೇ ಅಲ್ಲೊಂದು ಜೀವ ಇತ್ತೆಂದು ತಿಳಿಯುವುದು. ಮರದ ಮೇಲೆ ಹರಿಯುವ ಇರುವೆಗಳನ್ನು ಕೂತಲ್ಲೇ ಹೆಕ್ಕುತ್ತದೆ. ಪಕ್ಕೆಲುಬುಗಳು ಹೊರಕ್ಕೆ ಉದ್ದ ಬೆಳೆದು ಕೊಡೆಕಡ್ಡಿಗಳ ಹಾಗೆ ಚರ್ಮವನ್ನು ಬಿಗಿಹಿಡಿದಿವೆ. ನೆಗೆಯುವಾಗ ಅವು ಅಗಲವಾಗುತ್ತವೆ. ಬೀಸುವುದಿಲ್ಲ, ಬರೀ ತೇಲುತ್ತದೆ. ಆಚೆ ಮರದ ತುಸು ತಗ್ಗಿನಲ್ಲಿ ತಲೆ ಮೇಲಾಗಿ ಇಳಿದು ಮತ್ತೆ ಹತ್ತತೊಡಗುತ್ತದೆ. ಎದೆಗೂಡಿನ ಎಲುಬನ್ನೇ ರೆಕ್ಕೆ ಮಾಡಿಕೊಂಡ ಈ ಉಪಾಯಕ್ಕೆ ಯಾವ ಕವಿಯ ಹೊಗಳಿಕೆಯೂ ಸಾಲದು.

‘ಕರ್ವಾಲೊ’ ಓದಿದ ಉತ್ಸಾಹದಲ್ಲಿ ಇದನ್ನು ಕಾಣಲು ದಟ್ಟ ಕಾಡಿಗೇ ಹೋಗಬೇಕೆಂದು ನಂಬಿದವರಲ್ಲಿ ನಾನೂ ಒಬ್ಬ. ತೋಟದಲ್ಲಿ ಕೊನೆ ಇಳಿಸುತ್ತಿದ್ದ ಕೊನೆಗೌಡನ ಹತ್ತಿರ ಅದರ ವರ್ಣನೆಯನ್ನೆಲ್ಲ ಮಾಡಿದೆ. ಅವನು ಮರದ ಮೇಲಿಂದಲೇ ನಕ್ಕ. “ಅದಾ? ಅದು ದಿನಾ ಇಲ್ಲೇ ಇರ್ತದಲ್ರಾ. ನಾವು ಹತ್ತಿದ್ರೆ ಅದು ಆಚೆ ಮರಕ್ಕೆ ಹೋಗ್ತದೆ. ಸ್ವಲ್ಪ ಸರೀರಿ, ಕೊನೆ ಬೀಳ್ತದೆ.”